ನಮ್ಮ ಮಾತಿಗೆ ನಮ್ಮದೇ ಒಂದು ಹಾಳೆ

(ತೊರಪಲ್ಲಿ ಅಗ್ರಹಾರದಲ್ಲಿ ಸೇರಿದ್ದ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಇಂದು ಸೇರಿರುವ ಈ ತೊರಪಲ್ಲಿ ಅಗ್ರಹಾರ ಚಿಕ್ಕ ಊರಾದರೂ ದೇಶವೆಲ್ಲ ಕೇಳಿ ಬಲ್ಲ ಊರು. ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ನೆಯ ಇಸವಿ ಡಿಸೆಂಬರ್ 10ರಂದು ಹುಟ್ಟಿದ್ದು ಇಲ್ಲಿಯೇ. ಅವರು 1929ರಲ್ಲಿ ತಿರುಚ್ಚೆಂಗೋಡಿನ ಗಾಂಧಿ ಆಶ್ರಮದಿಂದ 'ವಿಮೋಚನಂ' ಎಂಬ ಚಿಕ್ಕ ತಮಿಳು ಪತ್ರಿಕೆಯನ್ನು ಹೊರಡಿಸಿದರು. ಕುಡಿತವು ಬಡವರ ಮನೆಯನ್ನು ಹೇಗೆ ಹಾಳುಮಾಡುತ್ತದೆ ಎಂದು ಬಡವರಿಗೆ ತಿಳಿಸುವುದೇ ಅದರ ಕೆಲಸ. ಬರಹಗಾರ ಕಲ್ಕಿಯವರು ಅದರಲ್ಲಿ ಅವರಿಗೆ ಸಹಾಯಕರಾಗಿದ್ದರು. ಪತ್ರಿಕೆ ಬಹುಕಾಲ ನಡೆಯಲಿಲ್ಲ, ಆದರೆ ಉದ್ದೇಶ ಒಳ್ಳೆಯದಾಗಿತ್ತು.

ಅದು ಬಡವರಿಗಾಗಿ ದೊಡ್ಡವರು ಬರೆದ ಪತ್ರಿಕೆ. ಬಡವರೇ, ತಳ್ಳಲ್ಪಟ್ಟವರೇ, ತಮ್ಮ ಕೈಯಿಂದ ಬರೆದು ತಾವೇ ಅಚ್ಚುಹಾಕಿಸಿ ಹಂಚಿದ ಹಾಳೆಗಳೂ ಉಂಟು. ಅವುಗಳ ವಿಷಯವನ್ನೇ ಈ ದಿನ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ತೋಟದಲ್ಲಿ ನಮ್ಮ ವಿಷಯವಾಗಿ ಬರೆಯುವವರಿಗೆ ಕಡಮೆಯಿಲ್ಲ. ಚೆಕ್‌ರೋಲಿನಲ್ಲಿ ರೈಟರು ನಮ್ಮ ಹಾಜರಿ ಬರೆಯುತ್ತಾರೆ. ತೂಕದ ಪುಸ್ತಕದಲ್ಲಿ ಎಷ್ಟು ಕಿಲೋ ಎಂದು ಬರೆಯುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಕಾಯಿಲೆಯ ಹೆಸರಿದೆ, ಅಂಗಡಿಯ ಪುಸ್ತಕದಲ್ಲಿ ಬಾಕಿಯ ಮೊತ್ತವಿದೆ. ಇವೆಲ್ಲ ಬೇಕಾದ ಬರಹಗಳೇ. ಆದರೆ ಹಳೆಯ ಚೆಕ್‌ರೋಲುಗಳನ್ನೆಲ್ಲ ಮಗುಚಿ ನೋಡಿದರೂ ನಮ್ಮ ಅಜ್ಜಿ ಯಾವುದಕ್ಕೆ ಅಂಜಿದಳು, ಯಾವುದಕ್ಕೆ ನಕ್ಕಳು, ಸತ್ತ ಮಗುವನ್ನು ಹೂಳಿ ಮಾರನೆಯ ದಿನ ಹೇಗೆ ಕೆಲಸಕ್ಕೆ ನಿಂತಳು ಎಂಬುದು ಸಿಕ್ಕದು. ಅದನ್ನು ಬರೆಯಬೇಕಾದವರು ನಾವು.

ಬರೆದವರು ಹಿಂದೆಯೂ ಇದ್ದರು. 1855ರಲ್ಲಿ ಪುಣೆಯಲ್ಲಿ ಮುಕ್ತಾ ಎಂಬ ಹದಿನಾಲ್ಕು ವರ್ಷದ ಹುಡುಗಿ ಒಂದು ಪ್ರಬಂಧ ಬರೆದಳು. ಅವಳು ಮಾಂಗ ಜಾತಿಯವಳು, ನಮ್ಮ ಕಡೆಯ ಮಾದಿಗರ ಹಾಗೆ ಊರಾಚೆ ಇಡಲ್ಪಟ್ಟವರ ಮಗಳು. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳ ಶಾಲೆಯಲ್ಲಿ ಅಕ್ಷರ ಕಲಿತಿದ್ದಳು. ತನ್ನ ಜನರನ್ನು ಹಿಂದಿನ ಕಾಲದಲ್ಲಿ ಕಟ್ಟಡದ ಪಾಯದೊಳಗೆ ಜೀವಸಹಿತ ಹೂಳುತ್ತಿದ್ದ ಸಂಗತಿಯನ್ನು ಬರೆದಳು. ತಲೆಯ ಮೇಲೆ ಮಾಡಿಲ್ಲದೆ ಮಳೆ ಚಳಿಯಲ್ಲಿ ಹೆರುವ ತಾಯಂದಿರ ಸಂಕಟವನ್ನೂ ಬರೆದಳು. ಅದನ್ನು ಅಚ್ಚುಮಾಡಿದ್ದು ಅಹಮದ್‌ನಗರದ ಮಿಷನರಿಗಳ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ. ಬೇರೆಯವರ ಪತ್ರಿಕೆಯಲ್ಲಿ ಸಿಕ್ಕಿದ ಎರಡು ಸಂಚಿಕೆಗಳ ಜಾಗ ಅದು. ಅಷ್ಟು ಜಾಗ ಸಿಕ್ಕಿದ್ದರಿಂದಲೇ ಆ ಹುಡುಗಿಯ ಮಾತು ಇಂದಿಗೂ ಉಳಿದಿದೆ.

ಮುಂದೆ ನಮ್ಮವರು ಇನ್ನೊಬ್ಬರ ಜಾಗಕ್ಕೆ ಕಾಯದೆ ಸ್ವಂತ ಪತ್ರಿಕೆ ತೆಗೆದರು. ನೀಲಗಿರಿಯಲ್ಲಿ ಲೆಕ್ಕದ ಗುಮಾಸ್ತರಾಗಿ ಕೆಲಸಮಾಡಿದ ರೆಟ್ಟಮಲೈ ಶ್ರೀನಿವಾಸನ್ ಅವರು 1893ರಲ್ಲಿ ಮದರಾಸಿನಲ್ಲಿ ಒಂದು ಪತ್ರಿಕೆ ಆರಂಭಿಸಿ, ಅದಕ್ಕೆ 'ಪರೈಯನ್' ಎಂದೇ ಹೆಸರಿಟ್ಟರು. ಜನ ಬೈಗುಳವಾಗಿ ಆಡುತ್ತಿದ್ದ ಮಾತನ್ನು ಅವರು ತಲೆಬರಹವಾಗಿ ಮೇಲೆ ಹಾಕಿದರು. ನಮ್ಮನ್ನು ಯಾವ ಹೆಸರಿನಿಂದ ತಗ್ಗಿಸುತ್ತೀರೋ ಆ ಹೆಸರಿನಿಂದಲೇ ತಲೆಯೆತ್ತುತ್ತೇವೆ ಎಂಬ ಧೈರ್ಯ ಅದು. 1970ರ ದಶಕದಲ್ಲಿ ಮೈಸೂರಿನ ದಲಿತ ತರುಣರು ತಮ್ಮ ಪತ್ರಿಕೆಗೆ 'ಪಂಚಮ' ಎಂದು ಹೆಸರಿಟ್ಟದ್ದರಲ್ಲಿಯೂ ಅದೇ ಧೈರ್ಯವಿತ್ತು.

1907ರ ಜೂನ್ 19ರಂದು ಪಂಡಿತ ಅಯೋತಿದಾಸರು ಮದರಾಸಿನಿಂದ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ತಂದರು. ಬೆಲೆ ಹೆಸರಿನಲ್ಲಿಯೇ ಇದೆ, ಒಂದು ಪೈಸೆ. ಅದನ್ನು ಆಸೆಯಿಂದ ಓದಿ ಕೈಹಿಡಿದವರಲ್ಲಿ ಇಲ್ಲಿಗೆ ಸಮೀಪದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಮುಖ್ಯರು. ನಮ್ಮ ಹಾಗೆಯೇ ಲೈನ್ ಮನೆಗಳಲ್ಲಿದ್ದು, ನೆಲದಡಿಯಲ್ಲಿ ಬೆವರು ಸುರಿಸಿದವರು. ಅಯೋತಿದಾಸರು 1914ರಲ್ಲಿ ತೀರಿಕೊಂಡರು. ಆದರೆ 1926ರಲ್ಲಿ ಜಿ. ಅಪ್ಪಾದುರೈ ಅವರು ಕೋಲಾರದ ಗಣಿಪ್ರದೇಶದಿಂದಲೇ 'ತಮಿಳನ್' ಪತ್ರಿಕೆಗೆ ಮತ್ತೆ ಜೀವ ಕೊಟ್ಟರು. ಅಲ್ಲಿನವರು ಅಯೋತಿದಾಸರ ಬರಹಗಳನ್ನು ಪುಸ್ತಕಗಳಾಗಿಯೂ ಅಚ್ಚುಹಾಕಿಸಿದರು. ಕೂಲಿಯ ಕಾಸಿನಿಂದ ನಡೆದ ಕೆಲಸ ಇದು.

ಆಮೇಲೆ ಆ ಪತ್ರಿಕೆಯನ್ನು ದೊಡ್ಡ ವಿದ್ವಾಂಸರು ಮರೆತೇಬಿಟ್ಟರು. ಆದರೆ ಕೆಲವು ಮನೆಗಳವರು ಹಳೆಯ ಸಂಚಿಕೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಆದಕಾರಣ 1999ರಲ್ಲಿ ಜ್ಞಾನ ಅಲೋಷಿಯಸ್ ಎಂಬವರು ಆ ಬರಹಗಳನ್ನು ಕೂಡಿಸಿ ಸಂಪುಟಗಳಾಗಿ ತರುವುದು ಸಾಧ್ಯವಾಯಿತು. ಪಾಳಯಂಕೋಟೆಯ ಸಂತ ಕ್ಸೇವಿಯರ್ ಕಾಲೇಜು ಅದನ್ನು ಪ್ರಕಟಿಸಿತು. ಹಳೆಯ ಕಾಗದವನ್ನು ರದ್ದಿಗೆ ಹಾಕದೆ ಇಟ್ಟವರು ಎಷ್ಟು ದೊಡ್ಡ ಸೇವೆ ಮಾಡಿದರೆಂದು ಆಲೋಚಿಸಿ ನೋಡಿರಿ.

ಪ್ರಿಯರೇ, ಇಲ್ಲಿಯ ತನಕ ಹೇಳಿದ್ದು ಸಂತೋಷದ ಸಂಗತಿ. ಈಗ ಸ್ವಲ್ಪ ಕಷ್ಟದ ಪ್ರಶ್ನೆಗೆ ಬರೋಣ. ತಳ್ಳಲ್ಪಟ್ಟವರು ತಮ್ಮದೇ ಹಾಳೆ ಮಾಡಿಕೊಂಡಾಗ, ಆ ಹಾಳೆಯಲ್ಲಿ ಎಲ್ಲರಿಗೂ ಜಾಗ ಸಿಕ್ಕಿತೋ? ಗಂಡಸರ ಪತ್ರಿಕೆಯಲ್ಲಿ ಹೆಂಗಸಿನ ನೋವಿಗೆ ಎಷ್ಟು ಸಾಲು? ಹೆಂಗಸರ ಪತ್ರಿಕೆಯಲ್ಲಿ ಕೂಲಿ ಹೆಂಗಸಿಗೆ ಎಷ್ಟು ಸಾಲು?

ಕನ್ನಡದಲ್ಲಿ ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಮೂಲೆಯಲ್ಲಿ ಕುಳಿತಿರಬೇಕೆಂದು ಸಮಾಜ ವಿಧಿಸಿದ್ದ ಹೆಣ್ಣುಮಗಳು ಅವರು. ದೊಡ್ಡ ಸಾಹಸವೇ ಸರಿ. ಆದರೂ ಮೇಲುಜಾತಿಯ ಮನೆಯೊಳಗಿನ ಹೆಣ್ಣಿನ ದುಃಖ ಒಂದು, ಬಿಸಿಲಲ್ಲಿ ಬುಟ್ಟಿ ಹೊತ್ತ ಹೆಣ್ಣಿನ ದುಃಖ ಇನ್ನೊಂದು. ಎರಡನೆಯದನ್ನು ಆ ಹೆಣ್ಣೇ ಹೇಳಬೇಕು.

ಹಾಗೆ ಹೇಳಿದವರಲ್ಲಿ ನಮ್ಮ ಕ್ರೈಸ್ತ ಸಮಾಜದವರೇ ಆದ ಬಾಮಾ ಒಬ್ಬರು. ದಲಿತ ಕುಟುಂಬದಲ್ಲಿ ಹುಟ್ಟಿ, ಕನ್ಯಾಮಠ ಸೇರಿ, ಅಲ್ಲಿಯೂ ಜಾತಿಯ ಭೇದ ಕಂಡು ಹೊರಬಂದವರು. ಅವರ 'ಕರುಕ್ಕು' 1992ರಲ್ಲಿ ಹೊರಬಂತು. ಕರುಕ್ಕು ಎಂದರೆ ಗರಗಸದ ಹಲ್ಲಿನಂತಿರುವ ತಾಳೆಗರಿಯ ಅಂಚು, ಮುಟ್ಟಿದರೆ ಕೈ ಕೊಯ್ಯುತ್ತದೆ. ಪುಸ್ತಕದ ತಮಿಳನ್ನು ಬಿಟ್ಟು ತಮ್ಮ ಕೇರಿಯ ಮಾತಿನಲ್ಲಿಯೇ ಬರೆದರು. ಮೊದಲು ಕೋಪಿಸಿಕೊಂಡವರು ಅವರ ಊರಿನವರೇ. ಮನೆಯ ಮಾತನ್ನು ಬೀದಿಗೆ ತಂದೆಯಲ್ಲ ಎಂದರು. ಮುಂದೆ ಅದೇ ಜನ ಆ ಪುಸ್ತಕವನ್ನು ತಮ್ಮದೆಂದು ಎದೆಗೆ ಅಪ್ಪಿಕೊಂಡರು.

ಸಮುದ್ರದ ಆಚೆಯೂ ಇದೇ ನಡೆದಿದೆ. ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮರಾಗಿ ತೋಟಗಳಲ್ಲಿ ದುಡಿಸಿದ್ದು ನಿಮಗೆ ತಿಳಿದಿದೆ. ಆ ಗುಲಾಮರ ಮೊಮ್ಮಕ್ಕಳ ಪೀಳಿಗೆಯ ಕೆಲವರು 1926ರಲ್ಲಿ ನ್ಯೂಯಾರ್ಕಿನ ಹಾರ್ಲೆಂ ಎಂಬ ಕೇರಿಯಲ್ಲಿ ತಮ್ಮ ಕೈಕಾಸು ಕೂಡಿಸಿ 'ಫೈರ್' ಎಂಬ ಪತ್ರಿಕೆ ತಂದರು. ಫೈರ್ ಎಂದರೆ ಬೆಂಕಿ. ಸಂಪಾದಕ ವಾಲೇಸ್ ಥರ್ಮನ್. ಜೋರಾ ನೀಲ್ ಹರ್ಸ್ಟನ್ ಎಂಬ ಹೆಣ್ಣುಮಗಳು ಕಪ್ಪು ಹೆಂಗಸಿನ ಬಾಳನ್ನು ಬರೆದರು. ರಿಚರ್ಡ್ ಬ್ರೂಸ್ ನೂಜೆಂಟ್ ಎಂಬ ತರುಣನು ಗಂಡು ಗಂಡನ್ನು ಪ್ರೀತಿಸುವ ಕಥೆಯನ್ನು ಅಂಜದೆ ಬರೆದನು. ಮರ್ಯಾದಸ್ಥರೆನಿಸಿಕೊಂಡ ಕಪ್ಪು ಹಿರಿಯರಿಗೇ ಅದು ಸರಿಬರಲಿಲ್ಲ. ಒಂದೇ ಸಂಚಿಕೆಗೆ ಪತ್ರಿಕೆ ನಿಂತಿತು. ಉಳಿದಿದ್ದ ಪ್ರತಿಗಳು ನಿಜವಾದ ಬೆಂಕಿಯಲ್ಲಿ ಸುಟ್ಟುಹೋದವು. ಆದರೂ ಉಳಿದ ಕೆಲವೇ ಪ್ರತಿಗಳಿಂದ ಅದನ್ನು ಇಂದಿಗೂ ಓದುತ್ತಾರೆ.

1980ರಲ್ಲಿ ಆಡ್ರಿ ಲಾರ್ಡ್ ಮತ್ತು ಬಾರ್ಬರಾ ಸ್ಮಿತ್ ಎಂಬ ಇಬ್ಬರು ಕಪ್ಪು ಹೆಂಗಸರು ಒಂದು ಪ್ರಕಾಶನ ಆರಂಭಿಸಿ, ಅದಕ್ಕೆ 'ಕಿಚನ್ ಟೇಬಲ್' ಎಂದು ಹೆಸರಿಟ್ಟರು. ಅಂದರೆ ಅಡಿಗೆಮನೆಯ ಮೇಜು. ಹೆಂಗಸರು ಕೂತು ಕೆಲಸಮಾಡುತ್ತ ಮನಸ್ಸು ಬಿಚ್ಚಿ ಮಾತಾಡುವ ಜಾಗ ಅದೇ ಅಲ್ಲವೇ? ಬಿಳಿಯ ಹೆಂಗಸರ ಸಂಘಗಳಲ್ಲಿ ಇವರ ಬಣ್ಣಕ್ಕೆ ಬೆಲೆಯಿರಲಿಲ್ಲ, ಕಪ್ಪು ಗಂಡಸರ ಸಂಘಗಳಲ್ಲಿ ಹೆಣ್ತನಕ್ಕೆ ಬೆಲೆಯಿರಲಿಲ್ಲ. ಹೆಣ್ಣನ್ನೇ ಪ್ರೀತಿಸುವ ಹೆಂಗಸರಾದ ಕಾರಣ ಎರಡು ಕಡೆಯೂ ಸಂಕೋಚ. ಆದಕಾರಣ ತಮ್ಮ ಮೇಜನ್ನು ತಾವೇ ಹಾಕಿಕೊಂಡರು.

ಅಲ್ಲಿನ ಬಡ ತರುಣ ತರುಣಿಯರು ಈಗಲೂ ಕೈಯಿಂದ ಬರೆದು, ಝೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು ಹಂಚುವ ಪುಸ್ತಿಕೆಗಳಿಗೆ 'ಝೀನ್' ಎಂದು ಹೆಸರು. 'ಮ್ಯಾಗಝೀನ್' ಎಂಬ ಮಾತಿನ ಬಾಲ ಅದು. ವಿಯೆಟ್ನಾಂ ಮೂಲದ ಮಿಮಿ ನ್ಗುಯೆನ್ ಎಂಬವರು 1997ರಲ್ಲಿ ಬಣ್ಣದ ಜನರ ಬರಹಗಳನ್ನೇ ಕೂಡಿಸಿ ಅಂಥ ಒಂದು ಪುಸ್ತಿಕೆ ತಂದರು. ಬಿಳಿಯ ಹುಡುಗಿಯರ ಝೀನುಗಳು ಅಕ್ಕತಂಗಿತನದ ಮಾತಾಡುತ್ತಿದ್ದರೂ ಬಣ್ಣದ ಭೇದದ ವಿಷಯ ಬಂದಾಗ ಬಾಯಿ ಮುಚ್ಚುತ್ತಿದ್ದವು ಎಂಬುದೇ ಅದಕ್ಕೆ ಕಾರಣ.

ಈಗ ನಮ್ಮ ಕಡೆಗೆ ಮರಳೋಣ. ಹಿಂದಿನ ಸೇಲಂ ಜಿಲ್ಲೆಗೆ ಹೊಸೂರು ಸೇರಿದ್ದಂತೆ ನಾಮಕ್ಕಲ್ಲೂ ಸೇರಿತ್ತು. ಆ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಗಂಡುಮಗುವೆಂದು ಹುಟ್ಟಿ, ಒಳಗೆ ತಾನು ಹೆಣ್ಣೆಂದು ಬಲ್ಲವರು ಎ. ರೇವತಿ. ಮನೆಯವರ ಹೊಡೆತ ತಿಂದು ಊರು ಬಿಟ್ಟವರು. ಮುಂದೆ ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ತಮ್ಮಂಥ ಇತರರ ಮಾತುಗಳನ್ನು ಮೊದಲು ಕೂಡಿಸಿ 2004ರಲ್ಲಿ ತಮಿಳಿನಲ್ಲಿ ಪುಸ್ತಕ ಮಾಡಿದರು. ತಮ್ಮ ಕಥೆಯನ್ನು ಬರೆದದ್ದು ಆಮೇಲೆ. ಅದು 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ದು. ಸರಸ್ವತಿಯವರು ಅದನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದಿದ್ದಾರೆ. ಅವರ ವಿಷಯವಾಗಿ ವೈದ್ಯರು ಬರೆದಿದ್ದರು, ಪೊಲೀಸರು ಬರೆದಿದ್ದರು, ಸಿನಿಮಾದವರು ನಗೆಯಾಡಿದ್ದರು. ಅವರೇ ಬರೆದಾಗ ಮಾತ್ರ ಅಲ್ಲೊಬ್ಬ ಮಗಳು, ತಾಯಿಯ ಕೈಯ ಊಟಕ್ಕೆ ಹಂಬಲಿಸುವ ಮಗಳು, ಇದ್ದಾಳೆಂದು ನಮಗೆ ಕಾಣಿಸಿತು.

ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಇವರನ್ನು ಗಂಡು ಹೆಣ್ಣೆಂಬ ಎರಡರ ಜೊತೆಗೆ ಮೂರನೆಯ ಲಿಂಗವೆಂದು ಮಾನ್ಯಮಾಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಬಾಳುವ ಸಲಿಂಗ ಪ್ರೀತಿ ಅಪರಾಧವಲ್ಲವೆಂದು ತೀರ್ಪಿತ್ತಿತು. ಕಾನೂನು ಬಾಗಿಲು ತೆರೆಯಿತು. ಲೈನ್ ಮನೆಯ ಬಾಗಿಲನ್ನು ನಾವೇ ತೆರೆಯಬೇಕು. ಇಂಥ ಒಂದು ಮಗು ನಮ್ಮ ಲೈನಿನಲ್ಲಿ ಹುಟ್ಟಿದರೆ ಅದು ರಾತ್ರಿಯ ಬಸ್ಸು ಹತ್ತಿ ಹೋಗಬೇಕೇ, ನಮ್ಮ ಮಧ್ಯದಲ್ಲಿಯೇ ಉಳಿಯಬೇಕೇ? ಉಳಿಯಬೇಕಾದರೆ ಅದರ ಮಾತನ್ನು ಮೊದಲು ಕೇಳಬೇಕು.

ಆದಕಾರಣ ನಮ್ಮ ಸೂಚನೆ ಇದು. ಪ್ರತಿಯೊಂದು ತೋಟದವರೂ ಒಂದು ಹಾಳೆ ಮಾಡಿರಿ. ಹೆಚ್ಚು ಹಣ ಬೇಡ. ಒಂದು ಹಾಳೆಯನ್ನು ಮೂರು ಸಲ ಮಡಿಸಿ ಬಿಚ್ಚಿದರೆ ಎಂಟು ಮನೆಗಳು ಬೀಳುತ್ತವೆ. ಉದ್ದದ ನಡುಗೆರೆಯಲ್ಲಿ, ಎರಡು ತುದಿಯ ಮನೆಗಳನ್ನು ಬಿಟ್ಟು, ನಡುವಿನ ಭಾಗವನ್ನು ಮಾತ್ರ ಕತ್ತರಿಸಿರಿ. ಮತ್ತೆ ಉದ್ದಕ್ಕೆ ಮಡಿಸಿ ಎರಡು ತುದಿಗಳನ್ನು ಒಳಕ್ಕೆ ನೂಕಿದರೆ ಎಂಟು ಪುಟದ ಪುಸ್ತಿಕೆ ಸಿದ್ಧ. ಹೊಲಿಗೆ ಬೇಡ, ಪಿನ್ನು ಬೇಡ. ಬರಹವೆಲ್ಲ ಒಂದೇ ಮಗ್ಗುಲಿನಲ್ಲಿ ಇರುವುದರಿಂದ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸುವುದೂ ಸುಲಭ. ಹೊಸೂರು ಕಡೆ ನಾವು ಒಂದೇ ಬಾಯಲ್ಲಿ ಕನ್ನಡ, ತೆಲುಗು, ತಮಿಳು ಆಡುತ್ತೇವೆ. ಹಾಗೆಯೇ ಬರೆಯಿರಿ. ವ್ಯಾಕರಣಕ್ಕೆ ಅಂಜಬೇಡಿರಿ.

ನಾಲ್ಕು ಕಟ್ಟಳೆಗಳನ್ನು ಮಾತ್ರ ಮರೆಯಬಾರದು. ಒಂದು: ಅಕ್ಷರ ಬಾರದವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ, ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯಲಿ. ಎರಡು: ಹೇಳಿದವರು ಬೇಡವೆಂದರೆ ಹೆಸರು ಹಾಕಬಾರದು. ಹೆಸರು ಹೊರಬಿದ್ದರೆ ಕೆಲಸವೋ ಮನೆಯೋ ಹೋಗುವ ಜನ ನಮ್ಮಲ್ಲಿದ್ದಾರೆ. ಮೂರು: ಒಂದು ಪ್ರತಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಡಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಬಾಯಿ ಜೋರಿರುವವರಿಗೆ ಕೊನೆಯ ಪುಟ ಕೊಡಿರಿ. ಮೊದಲನೆಯ ಪುಟವು ಇದುವರೆಗೆ ಯಾರೂ ಕೇಳದವರದಾಗಿರಲಿ. ಗಂಡ ಬಿಟ್ಟವಳು, ವಿಧವೆ ಸೊಸೆ, ಊರವರು ಹೀಯಾಳಿಸುವ ಹುಡುಗ, ಮದುವೆ ಬೇಡವೆಂದು ಅಳುವ ಹುಡುಗಿ, ಇವರದಾಗಿರಲಿ.

ಕೋಪಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಬಾಮಾ ಅವರ ಊರಿನಲ್ಲಿ ಇದ್ದರು, ಹಾರ್ಲೆಮ್ಮಿನಲ್ಲಿಯೂ ಇದ್ದರು. ನಮ್ಮ ಮನೆಯ ಮಾತು ಹೊರಗೆ ಹೋಗಬಾರದೆಂದು ಹೇಳುವವರನ್ನು ಒಂದೇ ಮಾತು ಕೇಳಿರಿ: ಆ ಮಾತನ್ನು ಒಳಗೆ ಕೇಳಿದವರು ಯಾರು? ತೋಟದ ಪುಸ್ತಕದಲ್ಲಿ ನಮಗೆ ಜಾಗವಿಲ್ಲವೆಂದು ದೂರುವ ನಾವು, ನಮ್ಮ ಹಾಳೆಯಲ್ಲಿ ನಮ್ಮವರಿಗೇ ಜಾಗ ಕೊಡದಿದ್ದರೆ ಅದೂ ಮತ್ತೊಂದು ಚೆಕ್‌ರೋಲೇ ಆದೀತು. ಲೈನಿನ ಕೊನೆಯ ಮನೆಯವರೂ ಬರೆದ ದಿನವೇ ಅದು ನಮ್ಮ ಹಾಳೆ. ಈ ಕೆಲಸವನ್ನು ಈ ತಿಂಗಳಲ್ಲಿಯೇ ಆರಂಭಿಸೋಣ.