ಮೂರು ಸಲ ತಪ್ಪಿದರೆ ಲಾಕ್

2009ರ ಜನವರಿ ಮೊದಲ ವಾರ. ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು, ಅಧಿಕಾರ ಇನ್ನೂ ವಹಿಸಿಕೊಂಡಿರಲಿಲ್ಲ. ಅವರ ಟ್ವಿಟರ್ ಖಾತೆಯಿಂದ ಒಂದು ಸಂದೇಶ ಹೊರಬಿತ್ತು: 500 ಡಾಲರ್ ಬೆಲೆಯ ಪೆಟ್ರೋಲ್ ಪುಕ್ಕಟೆ ಗೆಲ್ಲುವ ಅವಕಾಶ ಇದೆ, ಬನ್ನಿ ಅಂತ. ಅದನ್ನು ನೋಡುವವರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಬರೆದವರು ಒಬಾಮ ಅಲ್ಲ, ಅವರ ಕಡೆಯವರೂ ಅಲ್ಲ. 18 ವರ್ಷದ ಹುಡುಗನೊಬ್ಬ ಟ್ವಿಟರ್ ಕಂಪನಿಯ ನೌಕರರೊಬ್ಬರ ಖಾತೆಗೆ ನುಗ್ಗಿದ್ದ. ಯಾರ ಖಾತೆಯ ಪಾಸ್‌ವರ್ಡ್ ಬೇಕಾದರೂ ಬದಲಿಸುವ ಅಧಿಕಾರ ಆ ಖಾತೆಗಿತ್ತು. ಸಿಕ್ಕ ದಾರಿಯನ್ನು ಅವನು ಬೇರೆಯವರಿಗೂ ಹಂಚಿದ.

ನುಗ್ಗಿದ್ದರಲ್ಲಿ ಮಹಾ ಜಾಣತನವೇನೂ ಇರಲಿಲ್ಲ. ಇಂಗ್ಲಿಷ್ ನಿಘಂಟಿನ ಪದಗಳನ್ನು ಒಂದಾದ ಮೇಲೊಂದು ಪಾಸ್‌ವರ್ಡ್ ಜಾಗದಲ್ಲಿ ತುಂಬಿ ನೋಡುವ ಪ್ರೋಗ್ರಾಂ ಒಂದನ್ನು ರಾತ್ರಿಯಿಡೀ ಓಡಲು ಬಿಟ್ಟ. ಬೆಳಗ್ಗೆ ಬಂದು ನೋಡಿದರೆ ಖಾತೆ ತೆರೆದುಕೊಂಡಿತ್ತು. ಪಾಸ್‌ವರ್ಡ್ ‘ಹ್ಯಾಪಿನೆಸ್’. ಅದಕ್ಕೆ ಮುಂಚೆ ಸಾವಿರಾರು ತಪ್ಪು ಊಹೆಗಳು ಆಗಿಹೋಗಿದ್ದವು, ಒಂದಕ್ಕೂ ಟ್ವಿಟರ್ ಚಕಾರ ಎತ್ತಲಿಲ್ಲ. ಮುಂದಿನ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಇದೂ ಒಂದು: ಇಷ್ಟು ಸಲ ತಪ್ಪಿದರೆ ಖಾತೆಯನ್ನು ತಡೆಯಬೇಕು ಎಂಬ ಸಾಮಾನ್ಯ ಏರ್ಪಾಡು ಕೂಡ ನೀವು ಮಾಡಿರಲಿಲ್ಲ.

ಆ ಏರ್ಪಾಡು ನಮಗೆಲ್ಲ ಪರಿಚಯದ್ದೇ. ಎಟಿಎಂನಲ್ಲಿ ಪಿನ್ ಮೂರು ಸಲ ತಪ್ಪು ಒತ್ತಿದರೆ ಕಾರ್ಡು ಬ್ಲಾಕ್ ಆಗುತ್ತದೆ. ಸಿಮ್ ಕಾರ್ಡಿಗೆ ಪಿನ್ ಇಟ್ಟುಕೊಂಡವರಿಗೂ ಮೂರೇ ಅವಕಾಶ. ಆಮೇಲೆ ಪಿಯುಕೆ ಸಂಖ್ಯೆ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದಿರೋ, ಆ ಸಿಮ್ ಶಾಶ್ವತವಾಗಿ ಸತ್ತಂತೆ. ಲೆಕ್ಕ ಸುಲಭ: ನಾಲ್ಕಂಕಿಯ ಪಿನ್‌ಗಳು ಒಟ್ಟು 10,000. ಎಷ್ಟು ಸಲವಾದರೂ ಒತ್ತಬಹುದು ಅಂತಿದ್ದರೆ ಯಂತ್ರವೊಂದು ನಿಮಿಷಗಳಲ್ಲಿ ಅಷ್ಟನ್ನೂ ಮುಗಿಸುತ್ತದೆ. ಮೂರೇ ಸಲ ಎಂದರೆ ಕಳ್ಳನ ಪಾಲಿಗೆ ಉಳಿಯುವುದು ಹತ್ತು ಸಾವಿರಕ್ಕೆ ಮೂರು. ನೀವು 1234 ಇಟ್ಟುಕೊಂಡಿದ್ದರೆ ಆ ಲೆಕ್ಕ ನಡೆಯುವುದಿಲ್ಲ, ಬಿಡಿ.

ಒಳಗೆ ಈ ಎಣಿಕೆ ಹೇಗೆ ನಡೆಯುತ್ತದೆ? ಲಿನಕ್ಸ್ ಸರ್ವರ್‌ಗಳನ್ನೇ ತೆಗೆದುಕೊಳ್ಳೋಣ. ಅವುಗಳಲ್ಲಿ ಫೇಲ್‌ಲಾಕ್ ಎಂಬ ಚಿಕ್ಕ ಸಲಕರಣೆ ಇದೆ. ಪ್ರತಿ ಬಳಕೆದಾರನ ಹೆಸರಲ್ಲಿ ಒಂದೊಂದು ಕಡತ. ಪಾಸ್‌ವರ್ಡ್ ತಪ್ಪಿದಾಗೆಲ್ಲ ಅದರಲ್ಲಿ ಒಂದು ಸಾಲು ಸೇರುತ್ತದೆ: ಎಷ್ಟು ಹೊತ್ತಿಗೆ, ಯಾವ ವಿಳಾಸದಿಂದ, ಈ ತಪ್ಪು ಈಗಲೂ ಲೆಕ್ಕಕ್ಕಿದೆಯೇ ಇಲ್ಲವೇ. ನಾವು ಏನೂ ಬದಲಿಸದೆ ಬಿಟ್ಟರೆ ಅದರ ನಿಯಮ ಹೀಗಿರುತ್ತದೆ: 15 ನಿಮಿಷದೊಳಗೆ ಮೂರು ತಪ್ಪಾದರೆ ಖಾತೆ 10 ನಿಮಿಷ ಬಂದ್. ಆ ಹತ್ತು ನಿಮಿಷ ನೀವು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ತಪ್ಪುಗಳು ಮೂರಕ್ಕೆ ಮುಟ್ಟುವ ಮುಂಚೆ ಒಮ್ಮೆ ಸರಿಯಾಗಿ ಒಳಬಂದರೆ ಹಳೆಯದೆಲ್ಲ ಮಾಫಿ. ಕಡತಗಳಿರುವುದು ಸಾಮಾನ್ಯವಾಗಿ ಮೆಮೊರಿಯಲ್ಲಿ, ಹಾಗಾಗಿ ಸರ್ವರ್ ರೀಸ್ಟಾರ್ಟ್ ಮಾಡಿದರೂ ಲೆಕ್ಕ ಸೊನ್ನೆಯಿಂದ ಶುರು.

ಇದೇ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಲಿನಕ್ಸ್‌ನಲ್ಲಿ ಸರ್ವಾಧಿಕಾರ ಇರುವುದು ‘ರೂಟ್’ ಎಂಬ ಖಾತೆಗೆ. ಮೂರು ಸಲ ತಪ್ಪಿದರೆ ಲಾಕ್ ಎಂಬ ಕಟ್ಟಳೆ, ನಾವಾಗಿ ಹೇಳದ ಹೊರತು, ಅದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೂ ಬೀಗ ಬಿದ್ದರೆ ಉಳಿದವರ ಬೀಗ ತೆಗೆಯುವವರು ಯಾರು? ಊಹಿಸಿ ನುಗ್ಗುವವರೂ ಮೊದಲು ಬಡಿಯುವುದು ಆ ಹೆಸರನ್ನೇ. ಆದ್ದರಿಂದ ಅನುಭವಸ್ಥ ಅಡ್ಮಿನ್‌ಗಳು ಹೊರಗಿನಿಂದ ರೂಟ್ ಹೆಸರಿನಲ್ಲಿ ಲಾಗಿನ್ ಆಗುವುದನ್ನೇ ನಿಲ್ಲಿಸಿಬಿಡುತ್ತಾರೆ.

ಇಲ್ಲಿಂದ ಮುಂದೆ ವಿಷಯ ಸ್ವಲ್ಪ ಜಟಿಲ. ತಪ್ಪು ಮಾಡಿದವನು ಹೊರಗಿನವನು, ಬೀಗ ಬೀಳುವುದು ಮಾತ್ರ ಯಜಮಾನನ ಖಾತೆಗೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ ಅಂತಿಟ್ಟುಕೊಳ್ಳಿ. ನಿಮ್ಮ ಬಳಕೆದಾರ ಹೆಸರು ಗೊತ್ತಿದ್ದರೆ ಸಾಕು, ಬಾಯಿಗೆ ಬಂದ ಮೂರು ಪಾಸ್‌ವರ್ಡ್ ಒತ್ತಿ ನಿಮ್ಮನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಬಹುದು. ಹತ್ತು ನಿಮಿಷಕ್ಕೊಮ್ಮೆ ಇದನ್ನೇ ಮಾಡುತ್ತಿದ್ದರೆ ದಿನವಿಡೀ. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್, ಅಂದರೆ ತಾನಾಗಿ ಹರಡುವ ಕಿಡಿಗೇಡಿ ಪ್ರೋಗ್ರಾಂ, ಇದನ್ನು ಬೇಕಂತಲೇ ಮಾಡಲಿಲ್ಲ, ಆದರೂ ಫಲ ಅದೇ ಆಯಿತು. ಒಂದು ಕಂಪ್ಯೂಟರಿಗೆ ಹೊಕ್ಕ ಮೇಲೆ ಅದು ಅದೇ ಜಾಲದ ಇತರ ವಿಂಡೋಸ್ ಯಂತ್ರಗಳ ಪಾಸ್‌ವರ್ಡ್‌ಗಳನ್ನು ಊಹಿಸುತ್ತ ಹೋಗುತ್ತಿತ್ತು. ಕಚೇರಿಗಳಲ್ಲಿ ಒಬ್ಬರಾದ ಮೇಲೊಬ್ಬರ ಖಾತೆ ಲಾಕ್ ಆಗತೊಡಗಿದಾಗಲೇ ಎಷ್ಟೋ ಕಡೆ ವರ್ಮ್ ಬಂದಿರುವ ಸುಳಿವು ಸಿಕ್ಕಿದ್ದು.

ಇನ್ನು ದಿನನಿತ್ಯದ ಗೋಳು. ಸೋಮವಾರ ಬೆಳಗ್ಗೆ ಕಚೇರಿಯ ಪಾಸ್‌ವರ್ಡ್ ಬದಲಿಸುತ್ತೀರಿ. ಕಿಸೆಯಲ್ಲಿರುವ ಫೋನಿಗೆ ಅದು ಗೊತ್ತಿಲ್ಲ. ಅದು ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಮೇಲ್ ಬಂದಿದೆಯಾ ಅಂತ ಮತ್ತೆ ಮತ್ತೆ ಸರ್ವರ್ ಬಾಗಿಲು ತಟ್ಟುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಖಾತೆ ಲಾಕ್. ಸಹಾಯವಾಣಿಯವರು ತೆಗೆದುಕೊಡುತ್ತಾರೆ, ಫೋನು ಮತ್ತೆ ಹಾಕುತ್ತದೆ. ಈ ಕಾಟ ತಾಳಲಾರದೆಯೋ ಏನೋ, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸರ್ವರ್‌ನಲ್ಲಿ ಒಂದು ಉಪಾಯ ಮಾಡಿದೆ. ಬಂದ ತಪ್ಪು ಪಾಸ್‌ವರ್ಡ್ ಅದೇ ವ್ಯಕ್ತಿಯ ಇತ್ತೀಚಿನ ಹಳೆಯ ಎರಡು ಪಾಸ್‌ವರ್ಡ್‌ಗಳಲ್ಲಿ ಒಂದಾಗಿದ್ದರೆ ಒಳಗೆ ಬಿಡುವುದಿಲ್ಲ, ತಪ್ಪಿನ ಲೆಕ್ಕಕ್ಕೂ ಸೇರಿಸುವುದಿಲ್ಲ. ಇದು ಬುದ್ಧಿವಂತಿಕೆ ಅಂತ ನನ್ನ ಅಭಿಪ್ರಾಯ. ಮರೆವಿನವನನ್ನೂ ಕಳ್ಳನನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಇಂಥ ನಿಯಮಗಳು ಕಡಮೆ.

ಮೂರು ಎಂಬ ಸಂಖ್ಯೆಯೂ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ. ಕಾರ್ಡ್ ವ್ಯವಹಾರದ ಸುರಕ್ಷತಾ ಮಾನದಂಡದಲ್ಲಿ ಮೊದಲು ಆರು ಸಲ ಅಂತಿತ್ತು, 2022ರ ಆವೃತ್ತಿಯಲ್ಲಿ ಅದನ್ನು ಹತ್ತಕ್ಕೆ ಏರಿಸಿದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹಾಕಿದ ಮೇಲ್ಮಿತಿ ಕೇಳಿದರೆ ಅಚ್ಚರಿಯಾದೀತು: ಸತತ 100 ತಪ್ಪು. ನಾಲ್ಕಂಕಿಯ ಪಿನ್‌ಗೆ ಅದು ಅಪಾಯ, ನಿಜ. ಉದ್ದನೆಯ, ಸುಲಭವಾಗಿ ಹೊಳೆಯದ ಪಾಸ್‌ವರ್ಡನ್ನು ನೂರು ಊಹೆಯಲ್ಲಿ ಯಾರೂ ಮುಟ್ಟಲಾರರು. ಅಂಥ ಕಡೆ ಮೂರಕ್ಕೇ ಬಾಗಿಲು ಹಾಕಿ ಜನರನ್ನು ಗೋಳು ಹೊಯ್ದುಕೊಳ್ಳುವ ಬದಲು, ಪ್ರತಿ ತಪ್ಪಿಗೂ ಕಾಯಿಸುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗುವುದು ಮೇಲು.

ಲಾಕ್ ಇದೆ ಎಂದು ಗೊತ್ತಿರುವ ಕಳ್ಳ ಏನು ಮಾಡುತ್ತಾನೆ? ಒಂದೇ ಮನೆಯ ಬೀಗದ ಮುಂದೆ ಹೊತ್ತು ಕಳೆಯದೆ, ಬೀದಿಯ ಪ್ರತಿ ಮನೆಯ ಚಿಲಕವನ್ನೂ ಒಂದೊಂದೇ ಸಲ ಅಲ್ಲಾಡಿಸಿ ನೋಡುತ್ತ ಹೋಗುತ್ತಾನೆ. ಒಂದು ಸಾಮಾನ್ಯ ಪಾಸ್‌ವರ್ಡ್, ಸಾವಿರ ಖಾತೆ. ಯಾವ ಖಾತೆಯಲ್ಲೂ ಮೂರು ತಪ್ಪಾಗುವುದಿಲ್ಲ, ಯಾವುದೂ ಲಾಕ್ ಆಗುವುದಿಲ್ಲ. ಇದಕ್ಕೆ ಪಾಸ್‌ವರ್ಡ್ ಸ್ಪ್ರೇ ಅನ್ನುತ್ತಾರೆ. 2023ರ ನವೆಂಬರ್ ಕೊನೆಯಲ್ಲಿ ಹೀಗೆ ಸಿಕ್ಕಿಬಿದ್ದದ್ದು ಸ್ವತಃ ಮೈಕ್ರೋಸಾಫ್ಟ್. ರಷ್ಯಾ ಸರ್ಕಾರದ ಬೆಂಬಲದ ತಂಡವೊಂದು ಕೆಲವೇ ಖಾತೆಗಳನ್ನು ಆರಿಸಿ, ಲಾಕ್ ಬೀಳದಷ್ಟು ಕಡಿಮೆ ಸಲ, ಬೇರೆ ಬೇರೆ ವಿಳಾಸಗಳಿಂದ ಪ್ರಯತ್ನಿಸಿತು. ಯಾವುದೋ ಹಳೆಯ ಪರೀಕ್ಷಾ ಖಾತೆಯೊಂದು ತೆರೆದುಕೊಂಡಿತು, ಒಟಿಪಿಯಂಥ ಎರಡನೇ ಕಾವಲು ಅದಕ್ಕಿರಲಿಲ್ಲ. ಅಲ್ಲಿಂದ ಅವರು ಕಂಪನಿಯ ಹಿರಿಯ ಅಧಿಕಾರಿಗಳ ಇಮೇಲ್‌ವರೆಗೂ ಹೋದರು. ಖಾತೆ ಖಾತೆಗೆ ಬೇರೆ ಬೇರೆಯಾಗಿ ಎಣಿಸಿದರೆ ಇಂಥದ್ದು ಕಾಣುವುದಿಲ್ಲ. ಇಡೀ ಬೀದಿಯ ಲೆಕ್ಕವನ್ನು ಒಟ್ಟಿಗೆ ನೋಡುವವರು ಬೇಕು.

ಎಣಿಕೆಗೆ ಸಿಗದೇ ಹೋಗುವ ಊಹೆಗಳೂ ಇವೆ. 1979ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪಾಸ್‌ವರ್ಡ್ ಸುರಕ್ಷತೆಯ ಬಗ್ಗೆ ಹೆಸರಾದ ಪ್ರಬಂಧ ಬರೆದರು. ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇ. 86ರಷ್ಟು ತೀರ ಚಿಕ್ಕವು ಅಥವಾ ನಿಘಂಟಿನಲ್ಲಿ, ಹೆಸರುಪಟ್ಟಿಗಳಲ್ಲಿ ಸಿಗುವಂಥವು. ಒಂಬತ್ತು ವರ್ಷದ ನಂತರ, 1988ರ ನವೆಂಬರ್ 2ರಂದು, ಅದೇ ಮಾರಿಸ್ ಅವರ ಮಗ ಬಿಟ್ಟ ವರ್ಮ್ ಅಂದಿನ ಇಂಟರ್ನೆಟ್ಟನ್ನು ತತ್ತರಿಸುವಂತೆ ಮಾಡಿತು. ಅದು ಹರಡಿದ ದಾರಿಗಳಲ್ಲಿ ಪಾಸ್‌ವರ್ಡ್ ಊಹೆಯೂ ಒಂದು, 432 ಪದಗಳ ಪಟ್ಟಿ ಅದರ ಜೊತೆಗೇ ಇತ್ತು. ಅಂದಿನ ಯೂನಿಕ್ಸ್‌ನಲ್ಲಿ ಗೂಢಲಿಪಿಗೆ ತಿರುಗಿಸಿದ ಪಾಸ್‌ವರ್ಡ್‌ಗಳ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ವರ್ಮ್ ಅದನ್ನು ಎದುರಿಗಿಟ್ಟುಕೊಂಡು ತನ್ನಷ್ಟಕ್ಕೆ ತಾಳೆ ನೋಡಿತು. ಲಾಗಿನ್ ಬಾಗಿಲಿಗೆ ಹೋಗಲೇ ಇಲ್ಲ, ಹಾಗಾಗಿ ಒಂದು ತಪ್ಪೂ ಎಲ್ಲೂ ದಾಖಲಾಗುವ ಪ್ರಶ್ನೆಯಿಲ್ಲ. ಇವತ್ತು ಕಂಪನಿಗಳ ಪಾಸ್‌ವರ್ಡ್ ಸಂಗ್ರಹ ಸೋರಿಹೋದಾಗ ಆಗುವುದೂ ಇದೇ.

ದಾಖಲೆಯ ಬಗ್ಗೆ ಒಂದು ಸೂಕ್ಷ್ಮ ಸಂಗತಿ ಹೇಳಬೇಕು. ಆತುರದಲ್ಲಿ ಎಷ್ಟೋ ಸಲ ನಾವು ಹೆಸರು ಬರೆಯುವ ಜಾಗದಲ್ಲಿ ಪಾಸ್‌ವರ್ಡ್ ಒತ್ತಿಬಿಡುತ್ತೇವೆ. ಯಂತ್ರಕ್ಕೆ ಅದೂ ಒಂದು ವಿಫಲ ಲಾಗಿನ್. ಬಳಕೆದಾರನ ಹೆಸರು ಅಂತ ಒತ್ತಿದ್ದನ್ನು ಹಾಗೇ ಬರೆದಿಟ್ಟರೆ ಪಾಸ್‌ವರ್ಡ್ ದಾಖಲೆಯಲ್ಲಿ ಬಟಾಬಯಲಾಗಿ ಕೂತಿರುತ್ತದೆ. ಅದಕ್ಕೇ ಲಿನಕ್ಸ್‌ನ ಲಾಗಿನ್ ವ್ಯವಸ್ಥೆಯಲ್ಲಿ, ಗುರುತಿಲ್ಲದ ಹೆಸರು ಬಂದರೆ ಅದನ್ನು ಬರೆಯದಿರುವ ಏರ್ಪಾಡು ಇದೆ.

ಇಷ್ಟೆಲ್ಲ ಎಣಿಸಿದ್ದು ಸಾಮಾನ್ಯನ ಕಣ್ಣಿಗೆ ಬೀಳುವುದು ಅಪರೂಪ. ಹಲವು ಲಿನಕ್ಸ್ ಸರ್ವರ್‌ಗಳಿಗೆ ಲಾಗಿನ್ ಆದ ಕೂಡಲೇ ಮೇಲ್ಗಡೆ ಎರಡು ಸಾಲು ಬರುತ್ತವೆ: ಕೊನೆಯ ವಿಫಲ ಪ್ರಯತ್ನ ಯಾವಾಗ, ಎಲ್ಲಿಂದ, ಕಳೆದ ಸಲ ನೀವು ಬಂದುಹೋದ ಮೇಲೆ ಇಂಥ ಪ್ರಯತ್ನಗಳು ಎಷ್ಟು. ಅನೇಕ ಬ್ಯಾಂಕುಗಳ ಜಾಲತಾಣದಲ್ಲೂ ಕೊನೆಯ ಲಾಗಿನ್ ಹೊತ್ತು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ರಾತ್ರಿ ಎರಡು ಗಂಟೆ ಎಂದು ಅಲ್ಲಿ ಕಂಡು, ನೀವು ಆಗ ನಿದ್ದೆಯಲ್ಲಿದ್ದದ್ದು ಖಾತ್ರಿಯಿದ್ದರೆ, ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ದೇಶದ ಸೈಬರ್ ಅಪರಾಧ ಸಹಾಯವಾಣಿ.