ರಕ್ತದಲ್ಲಿ ಒಂದೇ ಚಮಚ ಸಕ್ಕರೆ



ಭಟ್ಕಳ ತಾಲ್ಲೂಕಿನ ಬೆಳಕೆಯ ನಮ್ಮ ಮನೆಯಲ್ಲಿ, ತಂದೆಯವರಿಗೆ ಸಕ್ಕರೆ ಕಾಯಿಲೆಯೆಂದು ತಿಳಿದ ದಿನವೇ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಅದರ ಜಾಗಕ್ಕೆ ಜೋನಿಬೆಲ್ಲ ಬಂತು. ಚಹಾಕ್ಕೂ ಬೆಲ್ಲ, ಕಷಾಯಕ್ಕೂ ಬೆಲ್ಲ, ದೋಸೆಗೂ ಬೆಲ್ಲ. "ಬೆಲ್ಲ ಊರಿನದು, ಬಾಧಕವಿಲ್ಲ" ಎಂಬ ನಂಬಿಕೆ. ವರ್ಷದ ನಂತರ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಕಾಲ್ಬೆರಳಿನ ಸಣ್ಣ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ವಿಜ್ಞಾನ ಓದಿದ ನಾನೂ ಆ ಬೆಲ್ಲದ ಡಬ್ಬಿಯನ್ನು ನೋಡಿ ಸುಮ್ಮನಿದ್ದೆ. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ ಎಂದೇ ಈ ಮಾತು.

ಒಂದು ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತರ ಬರಿಹೊಟ್ಟೆಯಲ್ಲಿ, 100 ಮಿಲಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಗ್ಲೂಕೋಸ್. ಗುಣಿಸಿ ನೋಡಿ: ಇಡೀ ರಕ್ತದಲ್ಲಿ ಇರುವುದು ಹೆಚ್ಚೆಂದರೆ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ! 300 ಮಿಲಿಲೀಟರಿನ ಒಂದು ಸಿಹಿ ತಂಪುಪಾನೀಯದಲ್ಲಿಯೇ ಆರು ಚಮಚ ಸಕ್ಕರೆ ಇರಬಹುದು.

ಹೀಗೆ ನುಗ್ಗಿದ ಗ್ಲೂಕೋಸನ್ನು ಜೀವಕೋಶಗಳಿಗೆ ಸೇರಿಸುವುದು ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್. ಮಧುಮೇಹದಲ್ಲಿ ಇನ್ಸುಲಿನ್ ಸಾಲದು, ಇಲ್ಲವೆ ಅದರ ಕೆಲಸ ಸರಿಯಾಗಿ ನಡೆಯದು. ರಕ್ತದಲ್ಲೇ ಉಳಿದ ಸಕ್ಕರೆ ವರ್ಷಗಳಲ್ಲಿ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುತ್ತದೆ.

ಬೆಲ್ಲದ ಕತೆ ಏನು? ಸಕ್ಕರೆಯಂತೆ ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ. ಬಣ್ಣ, ಪರಿಮಳ, ಒಂದಿಷ್ಟು ಖನಿಜಾಂಶ ಇದ್ದರೂ ರಕ್ತ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಜೇನು, ಕಬ್ಬಿನ ಹಾಲು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ತಟ್ಟೆಯ ಅನ್ನವೂ ಕೊನೆಗೆ ಗ್ಲೂಕೋಸೇ ಆಗುತ್ತದೆ. ಆದ್ದರಿಂದ ಅನ್ನ ತುಸು ಇಳಿಯಲಿ, ತರಕಾರಿ, ಬೇಳೆ ಏರಲಿ.

ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳ ಸಿಹಿ ಒಟ್ಟು ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ. 5 ಎಂದರೆ ದಿನಕ್ಕೆ ಸುಮಾರು 25 ಗ್ರಾಂ, ಐದು ಚಮಚ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ' ಹಾಕಲು ಸೂಚಿಸಿತು. ನೀವೂ ಅಡುಗೆಮನೆಯ ಗೋಡೆಗೊಂದು ಕಾಗದ ಅಂಟಿಸಿ, ಒಂದು ವಾರ ಚಮಚಗಳನ್ನು ಎಣಿಸಿ. ಚಹಾದ ಎರಡು ಚಮಚ ಒಂದೂವರೆಯಾಗಲಿ, ಆಮೇಲೆ ಒಂದಾಗಲಿ. ನಾಲಿಗೆ ಮೆಲ್ಲಗೆ ಒಗ್ಗಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮುರುಗಲು ಪಾನಕಕ್ಕೆ ಸಿಹಿಯ ಬದಲು ಉಪ್ಪು, ಜೀರಿಗೆ ಹಾಕಿ ನೋಡಿ.

ಒಂದು ಎಚ್ಚರಿಕೆ. ಸಿಹಿ ಬಿಟ್ಟೆವೆಂದು ವೈದ್ಯರನ್ನು ಕೇಳದೆ ಮಾತ್ರೆ, ಇನ್ಸುಲಿನ್ ನಿಲ್ಲಿಸಬಾರದು. ಅವನ್ನು ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದು ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಈಗ ನಮ್ಮ ತಂದೆಯವರ ಚಹಾಕ್ಕೆ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಅಟ್ಟದ ಆ ಸಕ್ಕರೆ ಡಬ್ಬಿ ಮಾತ್ರ ಕೆಳಗಿಳಿದು, ಔಷಧಿ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದೆ. ನಿಮ್ಮ ಮನೆಯ ಡಬ್ಬಿ ಎಲ್ಲಿದೆ, ಇಂದೇ ನೋಡುವಿರಲ್ಲವೆ?