ಲಾರಿಯ ಗಾಳಿ ನಿಧಾನವಾಗಿ ಏರಿದರೆ



ನಮ್ಮಲ್ಲಿ ಲಾರಿ ನಡೆಸುವವರಿಗಾಗಿ ಎರಡು ಮಾತು. ಭಾರಿ ಲಾರಿಯ ಬ್ರೇಕು ನಡೆಯುವುದು ಗಾಳಿಯ ಬಲದಿಂದ. ಅದು ನಿಧಾನವಾಗಿ ಏರಿದೊಡನೆ ಕಂಪ್ರೆಸರನ್ನೇ ದೂರಿ ಹಣ ಸುರಿಯುವುದು ತರವಲ್ಲ. ಇಂಜಿನ್ ಓಟದ ವೇಗದಲ್ಲಿದ್ದಾಗ ಗೇಜಿನ ಮುಳ್ಳು ಸುಮಾರು 6 ಕಿಲೋದಿಂದ 7ಕ್ಕೆ 45 ಸೆಕೆಂಡಿನೊಳಗೆ ಏರಬೇಕೆಂಬುದು ಅಮೆರಿಕದ ಚಾಲಕರ ಕೈಪಿಡಿಯ ಅಳತೆ.

ತಡವಾದರೆ, ಚಕ್ರಕ್ಕೆ ಅಡೆ ಕೊಟ್ಟು, ಇಂಜಿನ್ ನಿಲ್ಲಿಸಿ ಮುಳ್ಳನ್ನು ನೋಡೋಣ. ಬೇಗ ಇಳಿಯುತ್ತಿದ್ದರೆ ಸೋರಿಕೆಯುಂಟು. ಸಾಬೂನು ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಇಳಿಯದಿದ್ದರೆ ಗಾಳಿ ಫಿಲ್ಟರು ಕಟ್ಟಿದೆಯೇ, ಬೆಲ್ಟಿದ್ದರೆ ಸಡಿಲವೇ, ಕಂಪ್ರೆಸರಿನಿಂದ ಹೊರಡುವ ಕೊಳವೆಯಲ್ಲಿ ಮಸಿ ತುಂಬಿದೆಯೇ ನೋಡೋಣ. ಟ್ಯಾಂಕಿನ ಗಾಳಿಯನ್ನೆಲ್ಲ ಬಿಡದೆ ಕೊಳವೆ ಬಿಚ್ಚಬಾರದು. ಟ್ಯಾಂಕಿನ ನೀರಿನೊಡನೆ ಎಣ್ಣೆ ಹೆಚ್ಚಾಗಿ ಬಂದರೆ ಕಂಪ್ರೆಸರಿನ ರಿಂಗು ಸವೆದಿರಬಹುದು. ಆಗ ಮೇಸ್ತ್ರಿಯ ಕೆಲಸ.

ಮಾಲೀಕರು ಎಷ್ಟೇ ಅವಸರಪಡಿಸಲಿ, ಗಾಳಿ ಪೂರ್ತಿ ಏರದೆ ಗಾಡಿ ಹೊರಡಿಸುವುದು ಬೇಡ. ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಕೂಲಿಗಿಂತ ಜೀವ ದೊಡ್ಡದು.